ಮುಚ್ಚಳದಲ್ಲಿ ಮೂರು ತುಣುಕು

"ಇದನ್ನ ಕೈಯಲ್ಲಿ ತಿನ್ನೋದೋ, ಚಮಚದಲ್ಲೋ?"

"ಕೈಯಲ್ಲೇ, ಸಿದ್ದಯ್ಯನವರೇ. ಎರಡೂ ಕೈಯಲ್ಲಿ ಹಿಡ್ಕೊಂಡು ಕಚ್ಚಿ." ವಿದ್ಯಾಶ್ರೀ ಉತ್ತರ ಕೊಟ್ಟಳೇ ಹೊರತು ತಟ್ಟೆಯ ಕಡೆ ನೋಡಲಿಲ್ಲ. ಅವಳ ಕಣ್ಣು ಅಡುಗೆಮನೆಯ ಬಾಗಿಲಿನ ಮೇಲಿತ್ತು.

ತಟ್ಟೆಯಲ್ಲಿದ್ದದ್ದು ಅರೇಪ. ಮೆಕ್ಕೆಜೋಳದ ಹಿಟ್ಟಿನ, ಅಂಗೈಯಗಲದ ದಪ್ಪ ರೊಟ್ಟಿ. ಹಂಚಿನ ಮೇಲೆ ಎರಡೂ ಮಗ್ಗುಲು ಕಂದು ಕಲೆ ಬೀಳುವ ತನಕ ಬೇಯಿಸಿ, ಪಕ್ಕದಿಂದ ಸೀಳಿ, ಒಳಗೆ ಕಪ್ಪು ಕಾಳಿನ ಪಲ್ಯ ಮತ್ತು ತುರಿದ ಚೀಸ್ ತುಂಬಿದ್ದರು. ಪಕ್ಕಕ್ಕೆ ಬೆಣ್ಣೆಹಣ್ಣಿನ ಹಸಿರು ಚಟ್ನಿ. ಇನ್ನೊಂದು ತಟ್ಟೆಯಲ್ಲಿ ಪಟಕೋನ್: ಬಾಳೆಕಾಯಿಯನ್ನು ಒಮ್ಮೆ ಕರಿದು, ಜಜ್ಜಿ ಚಪ್ಪಟೆ ಮಾಡಿ, ಮತ್ತೊಮ್ಮೆ ಕರಿದದ್ದು.

ವಿದ್ಯಾಶ್ರೀಯ ಕಚೇರಿಯಲ್ಲಿ ಸಹಾಯಕ್ಕಿರುವ ಸಿದ್ದಯ್ಯ ಕಚ್ಚಿದರು. ಅಗಿದರು. ಯೋಚಿಸಿದರು.

"ನಮ್ಮ ಕುಂಸಿ ಜೋಳ ಅಂತೀರಾ ಇದು? ಊರಲ್ಲಿ ನಾವಿದನ್ನ ಕೋಳಿ ಫಾರಂಗೆ ತುಂಬ್ತೀವಿ. ಇಷ್ಟು ರುಚಿ ಇದೆ ಅಂತ ಕೋಳಿಗಳು ಒಂದು ಮಾತು ಹೇಳಲಿಲ್ಲ ನೋಡಿ."

"ಆ ಪಪೆಲೋನ್ ಕುಡಿದು ನೋಡಿ."

ಸಿದ್ದಯ್ಯ ಲೋಟ ಎತ್ತಿ ಒಂದು ಗುಟುಕು ಕುಡಿದರು. "ಬೆಲ್ಲ, ನಿಂಬೆಹಣ್ಣು, ನೀರು. ಪಾನಕ ಇದು ಮಾರಾಯ್ರೆ. ಏಲಕ್ಕಿ ಹಾಕೋದು ಮರೆತಿದ್ದಾರೆ, ಅಷ್ಟೆ."

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿರುವ ಈ ಹೋಟೆಲಿನ ಹೆಸರು 'ಕರಾಕಸ್ ಕಟ್ಟೆ'. ಒಳಗೆ ಐದು ಟೇಬಲ್, ಹೊರಗೆ ರಸ್ತೆಗೆ ಮುಖ ಮಾಡಿದ ಕಟ್ಟೆಯ ಮೇಲೆ ಎರಡು. ವೆನಿಜುವೆಲಾದ ಬೀದಿಬದಿಯ ತಿಂಡಿ ಬಿಟ್ಟು ಇಲ್ಲಿ ಬೇರೇನೂ ಸಿಗುವುದಿಲ್ಲ. ಬೆಂಗಳೂರು ಬಿಟ್ಟು, ಗೋವಾ ಬಿಟ್ಟು, ಇದನ್ನು ಶಿವಮೊಗ್ಗದಲ್ಲಿ ಏಕೆ ತೆರೆದರು ಎಂಬ ಪ್ರಶ್ನೆ ವಿದ್ಯಾಶ್ರೀಯ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇತ್ತು. ಹತ್ತು ದಿನವಾದರೂ ಅದರ ಮುಂದೆ ಉತ್ತರ ಬಿದ್ದಿರಲಿಲ್ಲ.

ಕೈಯಲ್ಲಿದ್ದ ಕೆಲಸ ಮಾತ್ರ ಸರಳವಾಗಿತ್ತು. ಭದ್ರಾವತಿ ನ್ಯೂ ಟೌನಿನ ನಿವೃತ್ತ ಶಿಕ್ಷಕಿ ಶರಾವತಿ ಕೇಳಿದ್ದು ಇಷ್ಟೆ: ಈ ಹೋಟೆಲ್ ನಡೆಸುವ ಭವಾನಿ, ವೆನಿಜುವೆಲಾದಲ್ಲಿ ತೀರಿಕೊಂಡ ನನ್ನ ತಮ್ಮ ಶಿವರಾಮನ ಮಗಳು ಹೌದೋ ಅಲ್ಲವೋ ಪತ್ತೆ ಮಾಡಿಕೊಡಿ. ಹೌದು ಎಂದಾದರೆ ಅವರು ಅಫಿಡವಿಟ್ಟಿಗೆ ಸಹಿ ಹಾಕುತ್ತಾರೆ. ಭವಾನಿ ಭಾರತೀಯ ಮೂಲದವಳೆಂದು ಅರ್ಜಿ ಹಾಕಿ ಇಲ್ಲೇ ಉಳಿಯಬಹುದು. ಅಲ್ಲ ಎಂದಾದರೆ ಗುರುವಾರ ಅವಳ ವೀಸಾ ಮುಗಿಯುತ್ತದೆ. ಹೋಟೆಲ್ ಮುಚ್ಚಿ ಹೊರಡಬೇಕು.

ಇವತ್ತು ಸೋಮವಾರ.

ಡಿಎನ್‌ಎ ಪರೀಕ್ಷೆಗೆ ಇಬ್ಬರೂ ಒಪ್ಪಿದ್ದರು, ಆದರೆ ವರದಿ ಬರಲು ಮೂರು ವಾರ ಬೇಕಿತ್ತು. ಭವಾನಿಯ ಬಳಿ ಇದ್ದದ್ದು ಸ್ಪ್ಯಾನಿಷ್ ಭಾಷೆಯ ಜನನ ಪತ್ರದ ನಕಲು: ಹುಟ್ಟಿದ್ದು 1990ರ ಆಗಸ್ಟ್, ತಂದೆ ಶಿವರಾಮ. ಅದು ಅಸಲಿಯೋ ನಕಲಿಯೋ ಎಂದು ಇಲ್ಲಿಂದ ಹೇಳುವಂತಿರಲಿಲ್ಲ. ತಾನು ಹಸುಳೆಯಾಗಿದ್ದಾಗಲೇ ಅಪ್ಪ ತೀರಿಕೊಂಡರು, ಅವರ ಫೋಟೋ ಒಂದೂ ಇಲ್ಲ ಎಂದು ಅವಳು ಹೇಳಿದ್ದಳು. ಅಜ್ಜಿಯ ಹೆಸರು, ಮನೆಯ ಹಿಂದಿನ ಬಾವಿ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದ್ದಳು.

ಅಲ್ಲೇ ಅನುಮಾನ. ಹೋಟೆಲಿನ ಪಾಲುದಾರ ಸಂಜಯ್ ಬೆಳೆದದ್ದು ಶರಾವತಿಯವರ ಮನೆಯಿಂದ ಎರಡು ರಸ್ತೆ ಆಚೆ. ಐದು ವರ್ಷ ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಭವಾನಿಯ ಜೊತೆ ದುಡಿದವನು. ಅಜ್ಜಿಯ ಹೆಸರನ್ನೂ ಬಾವಿಯನ್ನೂ ಅವನು ಬಾಯಿಪಾಠ ಮಾಡಿಸಿರಬಹುದು.

ಮೂರು ಗಂಟೆ ಹತ್ತು ನಿಮಿಷ. ಊಟದ ಗಿರಾಕಿಗಳು ಖಾಲಿಯಾಗಿದ್ದರು. ಭವಾನಿ ಏಪ್ರನ್ ಬಿಚ್ಚಿ, ತನ್ನ ತಟ್ಟೆ ಹಿಡಿದುಕೊಂಡು ಮೂಲೆಯ ಟೇಬಲ್ಲಿಗೆ ಬಂದು ಕೂತಳು. ಮೂವತ್ತೈದರ ಹೆಂಗಸು, ಎತ್ತರದ ನಿಲುವು, ಗುಂಗುರು ಕೂದಲನ್ನು ಎತ್ತಿ ಕಟ್ಟಿದ್ದಳು.

ಕಾಯುತ್ತಿದ್ದ ಹೊತ್ತು ಇದೇ. ಹನ್ನೊಂದು ವರ್ಷ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿದ್ದು, ಈಗ ಮದುವೆ ಸಂಬಂಧಗಳ ಪೂರ್ವಾಪರ ವಿಚಾರಿಸಿ ಕೊಡುವ ಕಚೇರಿ ನಡೆಸುವ ವಿದ್ಯಾಶ್ರೀಗೆ ಒಂದು ನಂಬಿಕೆ ಇತ್ತು. ಪ್ರಶ್ನೆಗೆ ಉತ್ತರ ಕೊಡುವಾಗ ಮನುಷ್ಯರು ಎಚ್ಚರವಾಗಿರುತ್ತಾರೆ. ಒಬ್ಬರೇ ಕೂತು ಊಟ ಮಾಡುವಾಗ ಇರುವುದಿಲ್ಲ.

ಭವಾನಿ ಟೇಬಲ್ಲಿನ ಮೇಲಿದ್ದ ಸ್ಟೀಲ್ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದು, ಅಂಗಾತ ಮಾಡಿ ಪಕ್ಕಕ್ಕಿಟ್ಟಳು. ಬಲ ಅಂಗೈಗೆ ಸ್ವಲ್ಪ ನೀರು ಹಾಕಿಕೊಂಡಳು. ಬೆರಳ ತುದಿಯಿಂದ ಆ ನೀರನ್ನು ಬಿಡುತ್ತ ತಟ್ಟೆಯ ಸುತ್ತ ಒಂದು ಸುತ್ತು ಕೈ ತಂದಳು. ಆಮೇಲೆ ಅರೇಪದಿಂದ ಮೂರು ಸಣ್ಣ ತುಣುಕು ಮುರಿದು, ಅಂಗಾತ ಮುಚ್ಚಳದಲ್ಲಿ ಸಾಲಾಗಿ ಇಟ್ಟಳು. ಅದಾದ ಮೇಲೆ ತಿನ್ನಲು ಶುರು ಮಾಡಿದಳು.

"ಟೇಬಲ್ ತೊಳೆದ್ಲಾ?" ಸಿದ್ದಯ್ಯ ದನಿ ತಗ್ಗಿಸಿದರು.

"ಅಲ್ಲ. ಅದು ಪರಿಷಿಂಚನೆ. ಬ್ರಾಹ್ಮಣರ ಮನೇಲಿ ಊಟಕ್ಕೆ ಮುಂಚೆ ಎಲೆ ಸುತ್ತ ನೀರು ಕಟ್ತಾರೆ, ಮೂರೋ ಐದೋ ಅನ್ನದ ತುತ್ತು ಪಕ್ಕಕ್ಕೆ ಇಡ್ತಾರೆ. ಚಿತ್ರಾಹುತಿ ಅಂತ. ಸ್ಕೂಲಲ್ಲಿದ್ದಾಗ ಗೆಳತಿ ಮನೇಲಿ ದಿನಾ ನೋಡ್ತಿದ್ದೆ."

"ನಾನೂ ನೋಡಿದೀನಿ. ಆದ್ರೆ ಅದು ಗಂಡಸರು ಮಾಡೋದಲ್ವಾ? ಜನಿವಾರ ಇದ್ದೋರು?"

"ಹೌದು. ಹೆಂಗಸರು ಮಾಡಲ್ಲ."

"ಅಂದ್ರೆ ತಪ್ಪು ಪಾಠ ಆಗಿದೆ. ಸಿಕ್ಕಿಬಿದ್ಲು."

ವಿದ್ಯಾಶ್ರೀ ನೋಟ್‌ಬುಕ್ಕಿನಲ್ಲಿ ಒಂದು ವೃತ್ತ ಬರೆದಳು. ಅದಕ್ಕೊಂದು ಬಾಣದ ಗುರುತು ಹಾಕಿದಳು. ಭವಾನಿಯ ಕೈ ಹೋದದ್ದು ಎಡಸುತ್ತಾಗಿ. ಗಡಿಯಾರದ ಮುಳ್ಳು ಹೋಗುವುದಕ್ಕೆ ಉಲ್ಟಾ.

ಊಟ ಮುಗಿಸಿದ ಭವಾನಿ ಮುಚ್ಚಳ ಎತ್ತಿಕೊಂಡು ಹೊರಗೆ ಹೋಗಿ, ಮೂರು ತುಣುಕುಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಬಂದಳು.

ಸಂಜಯ್ ಕೌಂಟರಿನಲ್ಲಿದ್ದ. ವಿದ್ಯಾಶ್ರೀ ಬಿಲ್ ಕೊಡುವ ನೆಪದಲ್ಲಿ ಹತ್ತಿರ ಹೋದಳು.

"ನಿಮ್ಮ ಪಾರ್ಟ್ನರ್ ಊಟಕ್ಕೆ ಮುಂಚೆ ನೀರು ಸುತ್ತಿಸ್ತಾರಲ್ಲ, ಅದೇನದು?"

"ಅದಾ? ವೆನಿಜುವೆಲಾ ಪದ್ಧತಿ ಮೇಡಂ." ಸಂಜಯ್ ಹೆಮ್ಮೆಯಿಂದಲೇ ಹೇಳಿದ. "ಹಡಗಲ್ಲಿದ್ದಾಗಿಂದ ನೋಡ್ತಿದೀನಿ. ಅಲ್ಲಿಯವರೆಲ್ಲ ಹಂಗೇ ಮಾಡ್ತಾರೆ."

"ಬೇರೆ ವೆನಿಜುವೆಲಾದವರು ಮಾಡಿದ್ದು ನೋಡಿದೀರಾ?"

ಅವನು ಸ್ವಲ್ಪ ಯೋಚಿಸಿದ. "ಹಡಗಲ್ಲಿ ಇದ್ದಿದ್ದು ಇವಳೊಬ್ಬಳೇ. ಇಲ್ಲಿ ನೋಡಿ, ರೀಲ್ ಕೂಡ ಹಾಕಿದೀವಿ."

ಮೊಬೈಲಿನಲ್ಲಿ ಭವಾನಿಯ ಕೈ, ತಟ್ಟೆ, ನೀರು. ಮೇಲೆ ಅಕ್ಷರಗಳು: 'ಊಟಕ್ಕೆ ಮುನ್ನ ವೆನಿಜುವೆಲಾ ಸಂಪ್ರದಾಯ'. ಆರು ತಿಂಗಳ ಹಿಂದೆ ಹಾಕಿದ್ದು. ಹದಿನೆಂಟು ಸಾವಿರ ಜನ ನೋಡಿದ್ದರು.

"ಕೆಳಗೆ ಯಾರೋ 'ನಮ್ಮಜ್ಜನೂ ಹೀಗೇ ಮಾಡ್ತಿದ್ರು' ಅಂತ ಬರೆದಿದ್ರು," ಎಂದ ಸಂಜಯ್. "ಅವರಜ್ಜ ವೆನಿಜುವೆಲಾಗೆ ಯಾವಾಗ ಹೋಗಿದ್ರೋ. ಲೈಕ್ ಮಾಡಿದೆ."

ಹೊರಗೆ ಬಂದ ಮೇಲೆ ಸಿದ್ದಯ್ಯ ನಕ್ಕರು. "ತೆಲುಗು ಮಾತಾಡೋ, ಜನಿವಾರ ಇಲ್ಲದ ಮನೆ ಹುಡುಗ. ಅವನ ಓಣಿಯಲ್ಲಿ ಈ ನೀರು ಕಟ್ಟೋದನ್ನ ಎಲ್ಲಿ ನೋಡಬೇಕು ಪಾಪ."

"ಅದೇ ಮುಖ್ಯ, ಸಿದ್ದಯ್ಯನವರೇ. ಅವನಿಗೆ ಇದೇನು ಅಂತಲೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೆಂಗೆ ಹೇಳಿಕೊಡ್ತಾನೆ?"

*

ಅದೇ ಸಂಜೆ ಐದೂವರೆಗೆ ಇಬ್ಬರೂ ನ್ಯೂ ಟೌನ್ ತಲುಪಿದರು. ಶರಾವತಿಯವರಿಗೆ ಎಪ್ಪತ್ತು ವರ್ಷ. ವಿದ್ಯಾಶ್ರೀಗೆ ಎಂಟನೇ ತರಗತಿಯಲ್ಲಿ ಗಣಿತ ಹೇಳಿಕೊಟ್ಟವರು. ಕಾಫಿ ಲೋಟ ಕೈಗಿಡುವಾಗಲೂ ಉತ್ತರ ಪತ್ರಿಕೆ ಹಂಚುವ ಗತ್ತು ಉಳಿದಿತ್ತು.

ನಡುಮನೆಯ ಗೋಡೆಯಲ್ಲಿ ಹಾರ ಹಾಕಿದ ಒಂದು ಫೋಟೋ: ದಪ್ಪ ಹುಬ್ಬಿನ, ನುಣ್ಣನೆ ಮುಖದ, ಇಪ್ಪತ್ತೆಂಟರ ಯುವಕ. ಶಿವರಾಮ.

"ಭವಾನಿ ಈ ಫೋಟೋ ನೋಡಿದಾಳಾ, ಟೀಚರ್?"

"ಒಳಗೆ ಬಿಟ್ಟಿದ್ರೆ ತಾನೆ. ಜಗಲಿಯಲ್ಲೇ ಮಾತಾಡಿಸಿ ಕಳಿಸಿದೆ."

"ನಿಮ್ಮ ತಮ್ಮ ಊಟ ಹೇಗೆ ಮಾಡ್ತಿದ್ರು?"

"ಇದೆಂಥ ಪ್ರಶ್ನೆ ಮಾರಾಯ್ತಿ? ಬಾಯಲ್ಲಿ ಮಾಡ್ತಿದ್ದ."

"ಊಟಕ್ಕೆ ಕೂತಾಗ ಮೊದಲು ಏನು ಮಾಡ್ತಿದ್ರು, ಅದನ್ನ ಹೇಳಿ."

ಶರಾವತಿ ಅವಳ ಮುಖ ನೋಡಿದರು. ಪ್ರಶ್ನೆಯ ಹಿಂದೆ ಏನೋ ಇದೆ ಎಂದು ಗೊತ್ತಾದರೂ ಕೇಳಲಿಲ್ಲ.

"ಪರಿಷಿಂಚನೆ ಬಿಡ್ತಿರಲಿಲ್ಲ. ಇಲ್ಲಿನ ಉಕ್ಕಿನ ಫ್ಯಾಕ್ಟರಿ ಕ್ಯಾಂಟೀನಲ್ಲೂ ಮಾಡ್ತಿದ್ದ. ಅಲ್ಲಿ ಚಿತ್ರಾಹುತಿ ಟೇಬಲ್ ಮೇಲಿಟ್ರೆ ಒರೆಸೋನು ಬಂದು ಬೇರೆಯವರ ಎಂಜಲಿನ ಜೊತೆ ಬಳಿದುಬಿಡ್ತಿದ್ದ. ಅದಕ್ಕೆ ಇವನು ಟಿಫಿನ್ ಡಬ್ಬಿ ಮುಚ್ಚಳ ಅಂಗಾತ ಇಟ್ಟು, ಅದರಲ್ಲಿ ಮೂರು ತುತ್ತು ಇಟ್ಟು, ಆಮೇಲೆ ಹೊರಗೆ ಹೋಗಿ ಕಾಗೆಗೆ ಹಾಕ್ತಿದ್ದ. ಆ ಅಭ್ಯಾಸ ಮನೆಗೂ ಬಂತು. ಎಲೆ ಪಕ್ಕ ಮುಚ್ಚಳ ಯಾಕೋ ಅಂತ ಅಮ್ಮ ಬೈಯೋಳು."

ಸಿದ್ದಯ್ಯನವರ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗುವುದು ನಿಂತಿತು. ವಿದ್ಯಾಶ್ರೀ ಅವರ ಕಡೆ ನೋಡಲಿಲ್ಲ.

"ಈ ಮುಚ್ಚಳದ ವಿಷಯ ಯಾರಿಗಾದರೂ ಹೇಳಿದೀರಾ?"

"ಯಾರಿಗೆ ಹೇಳಲಿ? ನನಗೇ ಈಗ ನೆನಪಾಗಿದ್ದು."

"ಅವರು ತೀರಿಕೊಂಡ ಸುದ್ದಿ ನಿಮಗೆ ಹೇಗೆ ಬಂತು? ಇನ್ನೊಂದ್ಸಲ ಹೇಳಿ."

ಶರಾವತಿ ಹೇಳಿದ್ದನ್ನು ವಿದ್ಯಾಶ್ರೀ ತಾರೀಖು ಸಮೇತ ಬರೆದುಕೊಂಡಳು. ಶಿವರಾಮ ಹೊರಟದ್ದು 1986ರಲ್ಲಿ, ಒರಿನೋಕೊ ನದಿ ದಡದ ಒಂದು ಉಕ್ಕಿನ ಊರಿಗೆ. ಜೊತೆಗೆ ಹೋದವನು ಶಿವಕುಮಾರ್. ಇಲ್ಲಿ ಇಬ್ಬರೂ ಒಂದೇ ಸೆಕ್ಷನ್, ಕ್ಯಾಂಟೀನಿನಲ್ಲಿ ಒಂದೇ ಟೇಬಲ್. 1991ರ ಫೆಬ್ರವರಿಯಲ್ಲಿ ಶಿವಕುಮಾರ್ ಒಬ್ಬನೇ ಈ ಮನೆಗೆ ಬಂದ. ಕೈಯಲ್ಲಿ ಅಸ್ಥಿ ತುಂಬಿದ ಒಂದು ತಗಡಿನ ಡಬ್ಬಿ ಇತ್ತು. ಜ್ವರ, ಮೂರೇ ದಿನ ಎಂದ.

"ಅವನ ಎಡಗೆನ್ನೆಯಲ್ಲಿ ಸುಟ್ಟ ಕಲೆ. ಕರಗಿದ ಕಬ್ಬಿಣ ಸಿಡಿದದ್ದು. ಅಳುವಾಗ ಆ ಕೆನ್ನೆ ಮಾತ್ರ ಅಲ್ಲಾಡ್ತಿರಲಿಲ್ಲ. ಅದೇ ನೆನಪಿರೋದು ನನಗೆ. ವಾರ ಇದ್ದು ವಾಪಸ್ ಹೋದ. ಆಮೇಲೆ ಸುದ್ದಿ ಇಲ್ಲ."

"ಡಬ್ಬಿ?"

"ಭದ್ರಾ ಹೊಳೆಗೆ ಬಿಟ್ಟೆ. ಅವತ್ತಿಂದ ಮಾಘದಲ್ಲಿ ವರ್ಷಾ ವರ್ಷ ಪುರೋಹಿತರನ್ನ ಕರೆಸಿ ಶ್ರಾದ್ಧ ಮಾಡಿಸ್ತಿದೀನಿ. ಒಂದು ವರ್ಷವೂ ತಪ್ಪಿಸಿಲ್ಲ." ಅವರು ಲೋಟಗಳನ್ನು ಎತ್ತಿಕೊಂಡರು. "ನನಗೆ ಬೇಕಾದದ್ದು ಒಂದೇ ಮಾತು. ಅವಳು ಅವನ ಮಗಳಾ?"

"ನಾಳೆ ಎರಡೂಮುಕ್ಕಾಲಿಗೆ ಹೋಟೆಲಿಗೆ ಬನ್ನಿ, ಟೀಚರ್. ಅಫಿಡವಿಟ್ ತನ್ನಿ. ಪೆನ್ನೂ."

*

ಮಂಗಳವಾರ ಭವಾನಿ ಹೋಟೆಲಿನಲ್ಲಿ ಇರುವ ದಿನವಲ್ಲ. ಪ್ರತಿ ಮಂಗಳವಾರ ಊಟದ ಹೊತ್ತಿಗೆ ಅವಳು ವಾರದ ಜೋಳ ತರಲು ಕುಂಸಿಗೆ ಹೋಗುತ್ತಾಳೆ. ಹೋಟೆಲ್ ಸಂಜಯ್ ಒಬ್ಬನೇ ನೋಡಿಕೊಳ್ಳುತ್ತಾನೆ. ಇವತ್ತು ವಿದ್ಯಾಶ್ರೀ ಕೇಳಿಕೊಂಡದ್ದಕ್ಕೆ ಉಳಿದಿದ್ದಳು.

ಶರಾವತಿ ಹೇಳಿದ ಹೊತ್ತಿಗೆ ಬಂದರು. ಮೂಲೆಯ ಟೇಬಲ್ಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡರು.

"ಈರುಳ್ಳಿ ಹಾಕ್ತೀರಾ ಇದಕ್ಕೆ?"

"ಹಾಕದ್ದು ಮಾಡಿದೀನಿ, ಅತ್ತೆ," ಎಂದಳು ಭವಾನಿ. ಅವಳ ಕನ್ನಡ ನಿಧಾನ, ಆದರೆ ಮಾತು ಸ್ಪಷ್ಟ.

ಅತ್ತೆ ಎಂಬ ಮಾತಿಗೆ ಶರಾವತಿ ಹೂಂ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಪಪೆಲೋನ್ ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಇನ್ನೊಂದು ಗುಟುಕು ಕುಡಿದರು.

"ನೀವೂ ತಟ್ಟೆ ಹಾಕಿಕೊಳ್ಳಿ ಭವಾನಿ," ಎಂದಳು ವಿದ್ಯಾಶ್ರೀ. "ಒಟ್ಟಿಗೆ ಊಟ ಮಾಡೋಣ."

ಭವಾನಿ ಶರಾವತಿಯವರ ಎದುರು ಕೂತಳು. ಬಾಟಲಿಯ ಮುಚ್ಚಳ ತೆಗೆದಳು. ಅಂಗಾತ ಇಟ್ಟಳು. ಅಂಗೈಯ ನೀರು ತಟ್ಟೆಯ ಸುತ್ತ ಹೋಯಿತು. ಮೂರು ತುಣುಕು ಮುಚ್ಚಳಕ್ಕೆ ಬಿದ್ದವು.

ಶರಾವತಿಯವರ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಅವರು ಮಾತಾಡಿದ್ದು ಭವಾನಿಯ ಹತ್ತಿರ ಅಲ್ಲ.

"ಇದನ್ನ ಇವಳಿಗೆ ಯಾರು ಹೇಳಿಕೊಟ್ರು, ವಿದ್ಯಾ? ಆ ಸಂಜಯನಾ?"

"ಅವನಿಗೆ ಇದು ವೆನಿಜುವೆಲಾ ಪದ್ಧತಿ."

"ಹಂಗಾದ್ರೆ ಯಾವನೋ ಅರ್ಧಂಬರ್ಧ ಕಲಿತೋನು ಕಲಿಸಿದಾನೆ. ಹೆಂಗಸರು ಇದನ್ನ ಮಾಡಲ್ಲ. ಅದೂ ಎಡಸುತ್ತು. ಎಡಸುತ್ತು ಪಿತೃಕಾರ್ಯಕ್ಕೆ, ಊಟಕ್ಕಲ್ಲ."

"ಅದೇ ನಾನೂ ಕೇಳ್ತಿರೋದು, ಟೀಚರ್. ನಿಮ್ಮನ್ನ ಮೋಸ ಮಾಡೋಕೆ ಒಬ್ಬ ಮೇಷ್ಟ್ರನ್ನ ಇಟ್ಟುಕೊಂಡು ಕಲಿತಿದ್ರೆ, ಅವನು ಎರಡು ತಪ್ಪನ್ನ ಕಲಿಸ್ತಿದ್ನಾ? ಹೆಂಗಸಿಗೆ ಇದನ್ನ ಕಲಿಸ್ತಾನೇ ಇರಲಿಲ್ಲ. ಸಿದ್ದಯ್ಯನವರೇ, ಇಲ್ಲಿ ಬನ್ನಿ. ನನ್ನ ಎದುರು ಕೂತ್ಕೊಳ್ಳಿ."

ಪಕ್ಕದ ಟೇಬಲ್ಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ವಿದ್ಯಾಶ್ರೀ ಬೆರಳು ಅದ್ದಿ ತನ್ನ ತಟ್ಟೆಯ ಸುತ್ತ ನೀರು ತಂದಳು. ಮೊದಲು ತನ್ನ ಎಡಕ್ಕೆ, ಆಮೇಲೆ ಮುಂದಕ್ಕೆ, ಬಲಕ್ಕೆ, ಕೊನೆಗೆ ತನ್ನ ಹತ್ತಿರಕ್ಕೆ.

"ಇದು ಬಲಸುತ್ತು. ಸರಿಯಾದದ್ದು. ಈಗ ನೀವು ನನ್ನ ಕೈ ನೋಡ್ತಾ ಹಾಗೇ ಮಾಡಿ. ಯೋಚನೆ ಮಾಡಬೇಡಿ."

ಅವಳ ಕೈ ಅವಳ ಎಡಕ್ಕೆ ಹೋಯಿತು. ಎದುರಿಗಿದ್ದ ಸಿದ್ದಯ್ಯನವರ ಕೈ ಅದೇ ದಿಕ್ಕಿಗೆ, ಅಂದರೆ ಅವರ ಬಲಕ್ಕೆ ಹೋಯಿತು. ಅವಳ ಕೈ ಮುಂದಕ್ಕೆ ಹೋದಾಗ ಅವರದ್ದೂ ಮುಂದಕ್ಕೆ ಹೋಯಿತು. ಅವರ ತಟ್ಟೆಯ ಸುತ್ತ ಬಿದ್ದದ್ದು ಎಡಸುತ್ತು.

"ಹೋ," ಎಂದರು ಸಿದ್ದಯ್ಯ. "ಪಿಟಿ ಕ್ಲಾಸಲ್ಲಿ ಮೇಷ್ಟ್ರು ಬಲಗೈ ಎತ್ತಿದ್ರೆ ಎದುರು ನಿಂತ ಮಕ್ಕಳು ಎಡಗೈ ಎತ್ತೋ ಹಾಗೆ."

"ಮಕ್ಕಳು ಮಾಡೋ ತಪ್ಪು ಇದು. ಊಟದ ಟೇಬಲ್ಲಲ್ಲಿ ಒಬ್ಬರ ಎದುರು ದಿನಾ ಕೂತು, ನೋಡಿ ನೋಡಿ ಕಲಿತಾಗ ಆಗೋದು. ಇದು ನಿನಗಲ್ಲ ಕಣೇ ಅಂತ ಹೇಳೋಕೆ ಆ ಮನೇಲಿ ನಮ್ಮ ಕಡೆ ಹೆಂಗಸು ಒಬ್ಬರೂ ಇರಲಿಲ್ಲ. ಬಾಯಿಪಾಠ ಮಾಡಿದೋರು ಸರಿಯಾಗಿ ಮಾಡ್ತಾರೆ, ಟೀಚರ್. ಹಿಂಗೆ ಎರಡೆರಡು ತಪ್ಪು ಮಾಡೋಕೆ ಮನೇಲೇ ಬೆಳೀಬೇಕು."

ಶರಾವತಿ ಮುಚ್ಚಳವನ್ನೇ ನೋಡುತ್ತಿದ್ದರು. ವಿದ್ಯಾಶ್ರೀ ಭವಾನಿಯ ಕಡೆ ತಿರುಗಿದಳು.

"ಆದ್ರೆ ಎದೆಹಾಲು ಕುಡಿಯೋ ಮಗು ಇದನ್ನ ಕಲಿಯಲ್ಲ. ನಿಮ್ಮಪ್ಪ ತೀರಿಕೊಂಡಾಗ ನಿಮಗೆ ಆರು ತಿಂಗಳು ಅಂದ್ರಿ. ನೀವು ಯಾರ ಎದುರು ಕೂತಿದ್ರಿ, ಭವಾನಿ?"

ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸೀಟಿ ಹಾಕಿತು. ಹೊರಗಿನ ಕಟ್ಟೆಯ ಗಿರಾಕಿಗೆ ಲೋಟ ಒಯ್ಯುತ್ತಿದ್ದ ಸಂಜಯ್ ಇವರ ಕಡೆ ಒಮ್ಮೆ ನೋಡಿ ಮುಂದೆ ಹೋದ.

"ಪಪ್ಪನ ಎದುರು," ಎಂದಳು ಭವಾನಿ.

"ಎಷ್ಟು ವರ್ಷ?"

"ಇಪ್ಪತ್ತೇಳು."

ಶರಾವತಿ ಕುರ್ಚಿಯ ಹಿಡಿ ಹಿಡಿದುಕೊಂಡರು. "ಸುಳ್ಳು. ನನ್ನ ಕೈಯಾರೆ ಹೊಳೆಗೆ ಬಿಟ್ಟಿದೀನಿ."

"ಏನು ಬಿಟ್ರೋ ನನಗೆ ಗೊತ್ತಿಲ್ಲ, ಅತ್ತೆ. ಮೊದಲ ದಿನ ನಿಮ್ಮ ಜಗಲಿಗೆ ಬಂದೆ. ನಾನು ಶಿವರಾಮನ ಮಗಳು ಅಂದೆ. ನೀವು ಕೇಳಿದ ಮೊದಲ ಮಾತೇ, ಅವನು ತೊಂಬತ್ತೊಂದರಲ್ಲಿ ಹೋದಾಗ ನೀನು ಹುಟ್ಟಿದ್ಯಾ ಅಂತ. ಅವರು ಬದುಕಿದ್ದಾರೆ ಅಂದ್ರೆ ನೀವು ಬಾಗಿಲು ಹಾಕ್ತೀರಿ ಅನ್ನಿಸ್ತು. ಹೂಂ ಅಂದುಬಿಟ್ಟೆ. ಒಂದು ಸಲ ಹೂಂ ಅಂದ ಮೇಲೆ ಫೋಟೋನೂ ಇಲ್ಲ ಅನ್ನಬೇಕಾಯ್ತು."

"ಈಗ ಎಲ್ಲಿದಾನೆ?"

"ಅದನ್ನ ಕೇಳೋಕೆ ನಾನು ಇಷ್ಟು ದೂರ ಬಂದಿದ್ದು."

ಅವಳು ಹೇಳಿದ್ದರಲ್ಲಿ ಅಳು ಇರಲಿಲ್ಲ. 2018ರ ಜನವರಿಯಲ್ಲಿ ಪಪ್ಪ ಊರಿಗೆ ಹೋಗಿಬರುತ್ತೇನೆಂದು ಹೊರಟರು. ಫೆಬ್ರವರಿಯಲ್ಲಿ ಒಂದು ಫೋನ್ ಬಂತು. ಭದ್ರಾವತಿಯಲ್ಲಿದ್ದೇನೆ, ಅಕ್ಕನ ಮನೆ ಗೇಟಿನ ಹೊರಗೆ ನಿಂತಿದ್ದೇನೆ ಎಂದರು. ಅದೇ ಕೊನೆಯ ಮಾತು.

"ಒಳಗೆ ಹೋಗಿ ಪಪ್ಪಾ ಅಂದೆ. ಹೋಗೋಕಾಗಲ್ಲ ಅಂದ್ರು. ಒಳಗೆ ಮಂತ್ರ ಹೇಳ್ತಿದಾರೆ, ಅಕ್ಕ ಹಿತ್ತಿಲಲ್ಲಿ ಕಾಗೆಗೆ ಪಿಂಡ ಇಟ್ಟು ಕಾಯ್ತಿದಾಳೆ, ಶಿವರಾಮನ ಶ್ರಾದ್ಧ ನಡೀತಿದೆ, ನಾನು ಯಾವ ಮುಖ ಹೊತ್ತು ಹೋಗಲಿ ಅಂದ್ರು."

ಆ ವರ್ಷ ಕಾಗೆ ಬರಲು ತಡವಾದದ್ದು ಶರಾವತಿಗೆ ನೆನಪಾಗಿರಬೇಕು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.

"ಹೋಟೆಲ್ ಇಲ್ಲೇ ಯಾಕೆ ಅಂತ ನೀವು ಎರಡು ಸಲ ಕೇಳಿದ್ರಿ, ವಿದ್ಯಾಶ್ರೀ," ಎಂದಳು ಭವಾನಿ. "ಮೂವತ್ತು ವರ್ಷ ದಿನಾ ಬೆಳಗ್ಗೆ ಅರೇಪ ತಿಂದ ಮನುಷ್ಯ ಅದನ್ನ ಬಿಟ್ಟು ಇರೋಕಾಗಲ್ಲ. ಈ ಸೀಮೆಯಲ್ಲಿ ಅವರು ಎಲ್ಲಿದ್ರೂ ಒಂದು ದಿನ ಹುಡುಕಿಕೊಂಡು ಬರ್ತಾರೆ. ನಾನು ಕಾಯ್ತಿರೋದು ಒಬ್ಬ ಗಿರಾಕಿಗೆ. ಗುರುವಾರ ನಾನು ಹೊರಟರೆ ಅವರು ಬಂದಾಗ ಬಾಗಿಲು ಹಾಕಿರುತ್ತೆ."

ನೋಟ್‌ಬುಕ್ಕಿನ ಮೊದಲ ಪುಟದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಶರಾವತಿ ಬ್ಯಾಗಿನಿಂದ ಅಫಿಡವಿಟ್ ತೆಗೆದು ಟೇಬಲ್ಲಿನ ಒಣಗಿದ ಜಾಗದಲ್ಲಿ ಹರಡಿದರು. ಎರಡನೇ ಸಾಲಿನಲ್ಲೇ ಇತ್ತು: '1991ನೇ ಫೆಬ್ರವರಿಯಲ್ಲಿ ದಿವಂಗತನಾದ ನನ್ನ ತಮ್ಮ ಶಿವರಾಮನ ಮಗಳು'.

"ಇದಕ್ಕೆ ಹೇಗೆ ಸಹಿ ಹಾಕಲಿ? ಮಗಳು ಅಂತ ಒಪ್ಪಿದ್ರೆ ದಿವಂಗತ ಅನ್ನೋದು ಸುಳ್ಳು. ದಿವಂಗತ ಅಂತ ಒಪ್ಪಿದ್ರೆ ಇವಳು ಸುಳ್ಳು."

"ಅವರೇ ಸಿಕ್ಕಿದ್ರೆ ನಿಮ್ಮ ಸಹಿನೇ ಬೇಡ, ಟೀಚರ್," ಎಂದಳು ವಿದ್ಯಾಶ್ರೀ.

ಆಗ ಹೊರಗಿನಿಂದ ಸಿದ್ದಯ್ಯನವರ ದನಿ ಬಂತು. ಬೀಡಿ ಸೇದಲು ಹೋದವರು.

"ವಿದ್ಯಮ್ಮ, ಸ್ವಲ್ಪ ಇಲ್ಲಿ ಬನ್ನಿ. ಯಾರೂ ಟೇಬಲ್ ಮುಟ್ಟಬೇಡಿ."

ಕಟ್ಟೆಯ ಎಡಗಡೆ ಟೇಬಲ್ ಖಾಲಿಯಿತ್ತು. ತಟ್ಟೆಯಲ್ಲಿ ಚೀಸ್ ಅರೇಪ, ಒಂದೇ ಒಂದು ಸಲ ಕಚ್ಚಿದ್ದು. ಪಪೆಲೋನ್ ಲೋಟ ತುಂಬಿಯೇ ಇತ್ತು. ಸ್ಟೀಲ್ ಬಾಟಲಿಯ ಪಕ್ಕ ಅದರ ಮುಚ್ಚಳ ಅಂಗಾತ ಬಿದ್ದಿತ್ತು. ಅದರಲ್ಲಿ ಮೂರು ತುಣುಕು.

ತಟ್ಟೆಯ ಸುತ್ತ ಕಪ್ಪು ಕಲ್ಲಿನ ಮೇಲೆ ನೀರಿನ ಗೆರೆ. ವಿದ್ಯಾಶ್ರೀ ಬಗ್ಗಿ ನೋಡಿದಳು. ಕುರ್ಚಿಯ ಹತ್ತಿರ ಗೆರೆ ದಪ್ಪಗಿತ್ತು. ಅಲ್ಲಿಂದ ಕೂತವರ ಎಡಕ್ಕೆ, ಮುಂದಕ್ಕೆ, ಬಲಕ್ಕೆ ಹೋಗುತ್ತ ನೀರು ತೀರಿ ತೆಳ್ಳಗಾಗಿತ್ತು. ರೀಲ್ ನೋಡಿ ಕಲಿತವರಾಗಿದ್ದರೆ ಎಡಸುತ್ತು ಸುತ್ತಬೇಕಿತ್ತು. ಇದು ಬಲಸುತ್ತು.

ಮಾರ್ಚ್ ಬಿಸಿಲಿನಲ್ಲೂ ಗೆರೆ ಒಣಗಿರಲಿಲ್ಲ.

"ಸಂಜಯ್, ಇಲ್ಲಿ ಕೂತಿದ್ದೋರು ಯಾರು?"

"ಮಂಗಳವಾರದ ಯಜಮಾನ್ರು ಮೇಡಂ. ಆರು ತಿಂಗಳಿಂದ ಬರ್ತಾರೆ. ಮಂಗಳವಾರ ಬಿಟ್ರೆ ಬೇರೆ ದಿನ ಬಂದಿಲ್ಲ. ಹೊರಗೇ ಕೂರ್ತಾರೆ. ಮುಖಕ್ಕೆ ಯಾವಾಗಲೂ ಮಾಸ್ಕ್, ತಿನ್ನೋಕೆ ಕೂತಾಗ ರಸ್ತೆ ಕಡೆ ತಿರುಗಿಬಿಡ್ತಾರೆ."

"ನೀರು ಸುತ್ತಿಸೋದು ನೋಡಿರಲಿಲ್ವಾ ನೀನು?" ಭವಾನಿಯೂ ಕಟ್ಟೆಗೆ ಬಂದಿದ್ದಳು.

"ನೋಡಿದೀನಿ. ರೀಲ್ ನೋಡಿ ಮಾಡ್ತಿದಾರೆ ಅಂದ್ಕೊಂಡೆ. ಖುಷಿನೂ ಆಯ್ತು."

"ಇವತ್ತು ಯಾಕೆ ಎದ್ದುಹೋದ್ರು?"

"ಗೊತ್ತಿಲ್ಲ. ಪಪೆಲೋನ್ ಕೊಟ್ಟೆ. ಇವತ್ತು ಮೇಡಂ ಕುಂಸಿಗೆ ಹೋಗಿಲ್ಲ, ಒಳಗೇ ಇದಾರೆ, ಭದ್ರಾವತಿಯಿಂದ ಅವರತ್ತೆ ಬಂದಿದಾರೆ ಅಂದೆ. ಒಳಗೆ ಹೋಗಿ ಬರೋದ್ರಲ್ಲಿ ಕುರ್ಚಿ ಖಾಲಿ."

ಭವಾನಿ ರಸ್ತೆಗೆ ಓಡಿದಳು. ಸಿದ್ದಯ್ಯ ಇನ್ನೊಂದು ದಿಕ್ಕಿಗೆ ಹೋದರು. ಆಟೋಗಳು, ಸ್ಕೂಟರುಗಳು, ಮಧ್ಯಾಹ್ನದ ಸಂತೆಯಂಥ ಜನ. ನಾಲ್ಕು ನಿಮಿಷಕ್ಕೆ ಇಬ್ಬರೂ ಬರಿಗೈಯಲ್ಲಿ ವಾಪಸ್ ಬಂದರು.

ಶರಾವತಿ ಕಟ್ಟೆಯ ಮೇಲೆ ಆ ಖಾಲಿ ಕುರ್ಚಿಯ ಎದುರು ಕೂತಿದ್ದರು. ಅಫಿಡವಿಟ್ ತೊಡೆಯ ಮೇಲಿತ್ತು. ಅವರು ಪೆನ್ನಿನ ಕ್ಯಾಪ್ ತೆಗೆದು, 'ದಿವಂಗತನಾದ' ಎಂಬ ಪದದ ಮೇಲೆ ಅಡ್ಡ ಗೆರೆ ಎಳೆದರು. ಗೆರೆ ನೆಟ್ಟಗಿತ್ತು.

"ಹೊಸದು ಬರೆಸೋಣ ನಾಳೆ," ಎಂದರು. "ಬದುಕಿದಾನೆ ಅಂತಲೇ ಬರೆಸೋಣ. ಈಗ ಹೇಗಿದಾನೆ? ಫೋಟೋ ಇಲ್ಲ ಅಂದಿದ್ದು ಸುಳ್ಳು ಅಂದ್ಯಲ್ಲ, ತೋರಿಸಮ್ಮ."

ಭವಾನಿ ಏದುಸಿರು ಬಿಡುತ್ತಲೇ ಮೊಬೈಲ್ ತೆರೆದು, ಬಹಳ ಹಿಂದಕ್ಕೆ ಹೋಗಿ, ಒಂದು ಫೋಟೋ ದೊಡ್ಡದು ಮಾಡಿ ಕೊಟ್ಟಳು. ಸಂಜಯ್ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಇವರೇ," ಎಂದ. "ಇದೇ ಕಣ್ಣು. ಮಂಗಳವಾರದ ಯಜಮಾನ್ರು."

ವಿದ್ಯಾಶ್ರೀ ನೋಡಿದಳು. ಊಟದ ಟೇಬಲ್, ತಟ್ಟೆ, ನಗುತ್ತಿರುವ ಅರವತ್ತರ ಗಂಡಸು. ನಗು ಮುಖದ ಒಂದೇ ಪಕ್ಕದಲ್ಲಿತ್ತು. ಎಡಗೆನ್ನೆಯಲ್ಲಿ ಹಳೆಯ ಸುಟ್ಟ ಕಲೆ.

ಒಂದೇ ಸೆಕ್ಷನ್, ಒಂದೇ ಟೇಬಲ್ ಎಂದು ನಿನ್ನೆ ಬರೆದುಕೊಂಡಿದ್ದಳು. ಆ ಟೇಬಲ್ಲಿನಲ್ಲಿ ಮುಚ್ಚಳ ಅಂಗಾತ ಇಡುತ್ತಿದ್ದವರು ಎಷ್ಟು ಜನ ಎಂದು ಕೇಳಿರಲಿಲ್ಲ.

ಶರಾವತಿ ಕನ್ನಡಕ ಹಾಕಿಕೊಂಡು ಫೋಟೋವನ್ನು ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಮೊಬೈಲನ್ನು ಭವಾನಿಯ ಕೈಗೆ ವಾಪಸ್ ಕೊಟ್ಟರು.

"ಇವನು ನನ್ನ ತಮ್ಮ ಅಲ್ಲ," ಎಂದರು. "ಇವನು ಅವನ ಹೆಸರು ಹೊತ್ತು ಬದುಕಿದ ಶಿವಕುಮಾರ. ಡಬ್ಬಿ ತಂದುಕೊಟ್ಟವನು."